ಗಾದೆ, ಐತಿಹ್ಯ, ದೃಷ್ಟಾಂತ: ಸಿರಿವಂತಿಕೆಯನ್ನು ಬೋಧಿಸುವ ಪುಸ್ತಕಗಳ ಆಕರ್ಷಣೆ ಮತ್ತು ಮಿತಿ

೧. ಎರಡು ದಾಖಲೆಗಳು

ಅಮೆರಿಕದ ಮುದ್ರಕ, ವಿಜ್ಞಾನಿ ಹಾಗೂ ರಾಜನೀತಿಜ್ಞ ಬೆಂಜಮಿನ್ ಫ್ರಾಂಕ್ಲಿನ್ (೧೭೦೬–೧೭೯೦) ಸಾಲದ ವಿಷಯವಾಗಿ ಎರಡು ಸಂದರ್ಭಗಳಲ್ಲಿ ಬರೆದ ಮಾತುಗಳು ಮೇಲುನೋಟಕ್ಕೆ ಒಂದಕ್ಕೊಂದು ಹೊಂದುವುದಿಲ್ಲ. ೧೭೫೮ನೆಯ ವರ್ಷದ ಪಂಚಾಂಗಕ್ಕೆ ಅವನು ಬರೆದ ಮುನ್ನುಡಿ ಮುಂದೆ ‘ದಿ ವೇ ಟು ವೆಲ್ತ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಸಾಲಕ್ಕೆ ಹೋಗುವುದೆಂದರೆ ಸಂಕಟಕ್ಕೆ ಹೋಗುವುದೇ ಎಂಬುದು ಅದರ ಮುಖ್ಯ ಬೋಧೆಗಳಲ್ಲೊಂದು. ಆದರೆ ೧೭೮೯ರ ಜೂನ್ ೨೩ರಂದು ತನ್ನ ಉಯಿಲಿಗೆ ಸೇರಿಸಿದ ಅನುಬಂಧದಲ್ಲಿ, ಫಿಲಡೆಲ್ಫಿಯಾ ನಗರದ ಇಬ್ಬರು ಗೆಳೆಯರು ವಿಶ್ವಾಸದಿಂದ ಕೊಟ್ಟ ಸಾಲವೇ ತನ್ನ ಸಂಪತ್ತಿಗೆ ಅಡಿಪಾಯವಾಯಿತೆಂದು ಅವನು ಒಪ್ಪಿಕೊಂಡಿದ್ದಾನೆ. ಮೊದಲನೆಯ ಬರಹವು ಅನೇಕ ಭಾಷೆಗಳಿಗೆ ಅನುವಾದಗೊಂಡು ಎರಡೂವರೆ ಶತಮಾನಗಳಿಂದ ಓದುಗರನ್ನು ಪಡೆಯುತ್ತ ಬಂದಿದೆ. ಎರಡನೆಯದನ್ನು ಬಲ್ಲವರು ಇತಿಹಾಸದ ಅಭ್ಯಾಸಿಗಳು ಮಾತ್ರ.

ಸಂಪತ್ತನ್ನು ಗಳಿಸುವ ದಾರಿಯನ್ನು ಬೋಧಿಸುವ ಪುಸ್ತಕಗಳ ಇತಿಹಾಸವನ್ನು ಅರಿಯಲು ಈ ವ್ಯತ್ಯಾಸವು ಒಂದು ಒಳ್ಳೆಯ ಪ್ರವೇಶದ್ವಾರ. ಅರ್ಥಶಾಸ್ತ್ರಜ್ಞರು ಇಂತಹ ಪುಸ್ತಕಗಳನ್ನು ಸಾಮಾನ್ಯವಾಗಿ ಗಂಭೀರವಾಗಿ ಪರಿಗಣಿಸುವುದಿಲ್ಲ. ಸಾಹಿತ್ಯ ವಿಮರ್ಶಕರೂ ಅಷ್ಟೆ. ಆದರೆ ಜಾನಪದ ಅಧ್ಯಯನಕ್ಕೆ ಇವು ತೀರ ಪರಿಚಿತ ವಸ್ತುಗಳು. ಇವುಗಳ ಒಡಲು ಗಾದೆ, ಐತಿಹ್ಯ, ದೃಷ್ಟಾಂತಕಥೆ, ಒಗಟು, ಸ್ವಾನುಭವ ಕಥನ ಮುಂತಾದ ಜನಪದ ಪ್ರಕಾರಗಳಿಂದಲೇ ರೂಪುಗೊಂಡಿದೆ. ಈ ಪುಸ್ತಕಗಳ ದೀರ್ಘಾಯುಷ್ಯಕ್ಕೆ ಕಾರಣವೂ ಇವುಗಳ ಮುಖ್ಯ ದೋಷಕ್ಕೆ ಕಾರಣವೂ ಒಂದೇ ಎಡೆಯಲ್ಲಿವೆ: ಇವು ಜನಪದರಿಂದ ರೂಪವನ್ನು ಎರವಲು ಪಡೆದವು, ಆದರೆ ಆ ರೂಪಕ್ಕೆ ಅರ್ಥ ಕೊಡುತ್ತಿದ್ದ ಸಂದರ್ಭವನ್ನು ಹಿಂದೆಯೇ ಬಿಟ್ಟುಬಂದವು. ಫ್ರಾಂಕ್ಲಿನ್‌ನಿಂದ ೧೯೩೭ರವರೆಗಿನ ಕೆಲವು ಮುಖ್ಯ ಕೃತಿಗಳ ಮೂಲಕ ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಹರಾಜುಕಟ್ಟೆಯ ಅಬ್ರಹಾಮಜ್ಜ

ಫ್ರಾಂಕ್ಲಿನ್ ‘ರಿಚರ್ಡ್ ಸಾಂಡರ್ಸ್’ ಎಂಬ ಕಲ್ಪಿತ ಹೆಸರಿನಲ್ಲಿ ೧೭೩೨ರ ಕೊನೆಯಲ್ಲಿ ಪ್ರಾರಂಭಿಸಿದ ‘ಪೂವರ್ ರಿಚರ್ಡ್ಸ್ ಆಲ್ಮನ್ಯಾಕ್’ ಎಂಬ ಪಂಚಾಂಗವು ೧೭೫೮ನೆಯ ವರ್ಷದ ಸಂಚಿಕೆಯವರೆಗೆ ಅವನ ಕೈಯಲ್ಲಿ ನಡೆಯಿತು. ವರ್ಷಕ್ಕೆ ಹತ್ತಿರ ಹತ್ತಿರ ೧೦,೦೦೦ ಪ್ರತಿಗಳು ಮಾರಾಟವಾಗುತ್ತಿದ್ದುವೆಂದು ಅವನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಬೇರಾವ ಪುಸ್ತಕವನ್ನೂ ಕೊಳ್ಳದ ಸಾಮಾನ್ಯ ಜನರ ಮನೆಯನ್ನು ಪಂಚಾಂಗ ಮಾತ್ರ ಪ್ರವೇಶಿಸುತ್ತದೆ ಎಂಬುದನ್ನು ಅರಿತಿದ್ದ ಅವನು, ತಿಥಿವಾರಗಳ ನಡುವಣ ಖಾಲಿ ಜಾಗಗಳಲ್ಲಿ ದುಡಿಮೆ ಮತ್ತು ಮಿತವ್ಯಯವನ್ನು ಹೇಳುವ ಗಾದೆಗಳನ್ನು ತುಂಬಿದನು. ಈ ಗಾದೆಗಳಲ್ಲಿ ಬಹುಪಾಲು ಅವನವಲ್ಲ. ಜಾರ್ಜ್ ಹರ್ಬರ್ಟ್, ಜೇಮ್ಸ್ ಹೊವೆಲ್, ಥಾಮಸ್ ಫುಲ್ಲರ್ ಮೊದಲಾದವರ ಇಂಗ್ಲಿಷ್ ಗಾದೆಸಂಗ್ರಹಗಳಿಂದ ಅವನು ಧಾರಾಳವಾಗಿ ಆಯ್ದುಕೊಂಡಿದ್ದನೆಂಬುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಅವನೂ ಅದನ್ನು ಮುಚ್ಚಿಟ್ಟಿಲ್ಲ. ಆ ವಿವೇಕದ ಹತ್ತನೆಯ ಒಂದು ಪಾಲೂ ತನ್ನದಲ್ಲ, ಎಲ್ಲ ಕಾಲದೇಶಗಳಿಂದ ಆಯ್ದುಕೊಂಡ ಹಕ್ಕಲುತೆನೆ ಅದು ಎಂಬ ಅರ್ಥದ ಮಾತನ್ನು ಸಾಂಡರ್ಸ್‌ನ ಬಾಯಲ್ಲಿ ಹೇಳಿಸಿದ್ದಾನೆ.

೧೭೫೭ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು ಅವನು ಬರೆದ ಕೊನೆಯ ಮುನ್ನುಡಿಯು ಈ ಬಿಡಿ ಗಾದೆಗಳನ್ನೆಲ್ಲ ಒಂದು ಸನ್ನಿವೇಶದಲ್ಲಿ ಕೋದಿದೆ. ವರ್ತಕರ ಸರಕಿನ ಹರಾಜು ನಡೆಯಬೇಕಾದ ಸ್ಥಳದಲ್ಲಿ ಜನ ಸೇರಿದ್ದಾರೆ. ಹರಾಜು ಇನ್ನೂ ಆರಂಭವಾಗಿಲ್ಲ. ಕಾಲ ಕೆಟ್ಟಿತು, ಕಂದಾಯ ಹೆಚ್ಚಾಯಿತು ಎಂದು ಮಾತಾಡಿಕೊಳ್ಳುತ್ತಿದ್ದವರು ಅಲ್ಲಿದ್ದ ಅಬ್ರಹಾಮ್ ಎಂಬ ನರೆಗೂದಲಿನ ಹಿರಿಯನನ್ನು ಸಲಹೆ ಕೇಳುತ್ತಾರೆ. ಸರ್ಕಾರ ಹಾಕುವ ತೆರಿಗೆಗಿಂತ ಸೋಮಾರಿತನ, ಒಣಜಂಬ ಮತ್ತು ಅವಿವೇಕಗಳು ಹಾಕುವ ತೆರಿಗೆಯೇ ಭಾರವಾದುದೆಂದು ಅವನು ಗಾದೆಗಳ ಸರಮಾಲೆಯನ್ನೇ ಹೇಳುತ್ತಾನೆ. ಜನ ತಲೆದೂಗುತ್ತಾರೆ. ಹರಾಜು ಪ್ರಾರಂಭವಾದ ಕೂಡಲೇ ಅದೇ ಜನ, ಸಾಮಾನ್ಯ ಧರ್ಮೋಪದೇಶವನ್ನು ಕೇಳಿ ಎದ್ದುಹೋದವರಂತೆ, ಅವನ ಮಾತಿಗೆ ತೀರ ವ್ಯತಿರಿಕ್ತವಾಗಿ ಮುಗಿಬಿದ್ದು ಕೊಳ್ಳತೊಡಗುತ್ತಾರೆ. ಹೊಸ ಅಂಗಿಗೆ ಬಟ್ಟೆ ಕೊಳ್ಳಲು ಬಂದಿದ್ದ ರಿಚರ್ಡ್ ಮಾತ್ರ ಹಳೆಯ ಅಂಗಿಯನ್ನೇ ಇನ್ನಷ್ಟು ಕಾಲ ತೊಡುವುದೆಂದು ನಿರ್ಧರಿಸಿ ಹಿಂದಿರುಗುತ್ತಾನೆ.

ಜಾನಪದದ ದೃಷ್ಟಿಯಿಂದ ಈ ಚೌಕಟ್ಟು ಬಹಳ ಮಹತ್ವದ್ದು. ಗಾದೆಗೆ ಅರ್ಥ ಬರುವುದು ಅದನ್ನು ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದರಿಂದ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಮೈಗಳ್ಳನಿಗೆ ಹೇಳುವ ಹಳ್ಳಿಯ ಹಿರಿಯನೇ, ದುಡಿದೂ ದಕ್ಕದವನನ್ನು ಕಂಡಾಗ ‘ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ’ ಎನ್ನುತ್ತಾನೆ. ಇದು ವಿರೋಧಾಭಾಸವಲ್ಲ, ಬದುಕಿನ ಎರಡು ಮುಖಗಳಿಗೆ ಜನಪದರು ಸಿದ್ಧಮಾಡಿಟ್ಟುಕೊಂಡ ಎರಡು ಮಾತುಗಳು. ಪರಸ್ಪರ ವಿರುದ್ಧವಾದ ಗಾದೆಗಳು ಒಂದೇ ಭಂಡಾರದಲ್ಲಿ ಇರುವುದೇ ಆ ಭಂಡಾರದ ಶಕ್ತಿ. ಫ್ರಾಂಕ್ಲಿನ್ ಈ ಭಂಡಾರದಿಂದ ಒಂದೇ ಬಗೆಯ ಕಾಳನ್ನು ಆರಿಸಿದನು. ಆದರೂ ಅವನು ಅವುಗಳನ್ನು ಒಂದು ಸನ್ನಿವೇಶದಲ್ಲಿ ಇಟ್ಟನು ಎಂಬುದನ್ನು ಮರೆಯಬಾರದು. ಅಬ್ರಹಾಮಜ್ಜ ಸಾಲ ಬೇಡವೆಂದದ್ದು ಆರು ತಿಂಗಳ ಉದ್ದರಿಗೆ ಸಿಗುತ್ತಿದ್ದ ಬೆಡಗಿನ ಸಾಮಾನುಗಳ ಎದುರಿನಲ್ಲಿ. ಅಲ್ಲಿ ಆ ಮಾತು ನೂರಕ್ಕೆ ನೂರು ಸರಿ. ಅಲ್ಲದೆ ಉಪದೇಶವನ್ನು ಕೇಳಿ ಮೆಚ್ಚಿದವರು ಅದರಂತೆ ನಡೆಯುವುದಿಲ್ಲ ಎಂಬ ವ್ಯಂಗ್ಯವನ್ನೂ ಅವನು ಕಥೆಯ ಕೊನೆಯಲ್ಲಿ ಇಟ್ಟಿದ್ದಾನೆ. ಈ ಪ್ರಕಾರದ ಮೊದಲ ದೊಡ್ಡ ಕೃತಿಯಲ್ಲಿಯೇ ಆ ಪ್ರಕಾರದ ವಿಮರ್ಶೆಯೂ ಅಡಕವಾಗಿತ್ತು. ಕಾಲಕ್ರಮದಲ್ಲಿ ಗಾದೆಗಳು ಉಳಿದವು, ಹರಾಜು ಮರೆತುಹೋಯಿತು. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ೧೯೦೪–೦೫ರಲ್ಲಿ ಬಂಡವಾಳಶಾಹಿಯ ಮನೋಧರ್ಮವನ್ನು ವಿವರಿಸುವಾಗ ಫ್ರಾಂಕ್ಲಿನ್‌ನ ಹಣಕಾಸಿನ ಉಪದೇಶಗಳನ್ನೇ ಮುಖ್ಯ ನಿದರ್ಶನವಾಗಿ ತೆಗೆದುಕೊಂಡನು. ಹರಾಜುಕಟ್ಟೆಯ ನಗೆ ಆ ಚರ್ಚೆಯಲ್ಲಿ ಕೇಳಿಸುವುದಿಲ್ಲ.

೩. ಗಾದೆ ಹೇಳದೆ ಬಿಟ್ಟದ್ದು

ಫ್ರಾಂಕ್ಲಿನ್ ಸಿರಿವಂತನಾದದ್ದು ಹೇಗೆ ಎಂಬುದಕ್ಕೆ ಅವನ ಆತ್ಮಕಥೆಯೇ ಸಾಕ್ಷಿ. ದುಡಿಮೆ, ಮಿತವ್ಯಯ ಎರಡೂ ಅದರಲ್ಲಿ ಇವೆ, ಸಂದೇಹವಿಲ್ಲ. ಆದರೆ ಅಷ್ಟೇ ಅಲ್ಲ. ಹ್ಯೂ ಮೆರೆಡಿತ್ ಎಂಬುವನೊಡನೆ ಅವನು ಮುದ್ರಣಾಲಯವನ್ನು ತೆರೆದಾಗ ಬಂಡವಾಳ ಹೂಡಲು ಒಪ್ಪಿದವನು ಮೆರೆಡಿತ್‌ನ ತಂದೆ. ಆತ ಅರ್ಧ ಹಣವನ್ನು ಮಾತ್ರ ಕೊಡಲು ಸಮರ್ಥನಾಗಿ, ಉಳಿದುದಕ್ಕೆ ದಾವೆ ಬಿದ್ದು ಮುದ್ರಣಾಲಯವೇ ಕೈತಪ್ಪುವ ಸ್ಥಿತಿ ಬಂದಾಗ ವಿಲಿಯಂ ಕೋಲ್ಮನ್ ಮತ್ತು ರಾಬರ್ಟ್ ಗ್ರೇಸ್ ಎಂಬ ಗೆಳೆಯರು ತಾವಾಗಿಯೇ ಬಂದು ಸಾಲ ಕೊಟ್ಟರು. ಇವರಿಬ್ಬರೂ ೧೭೨೭ರಲ್ಲಿ ಅವನು ಕಟ್ಟಿದ ‘ಜಂಟೊ’ ಎಂಬ ಚರ್ಚಾಕೂಟದ ಸದಸ್ಯರು. ೧೭೨೯ರಲ್ಲಿ ಅವನು ಕಾಗದದ ಹಣದ ಅಗತ್ಯವನ್ನು ಸಮರ್ಥಿಸಿ ಒಂದು ಕಿರುಹೊತ್ತಗೆಯನ್ನು ಬರೆದನು. ಮುಂದೆ ಆ ನೋಟುಗಳನ್ನು ಅಚ್ಚುಹಾಕುವ ಕೆಲಸ ಅವನಿಗೇ ದೊರೆಯಿತು. ೧೭೩೬ರಲ್ಲಿ ಪೆನ್ಸಿಲ್ವೇನಿಯಾ ಶಾಸನಸಭೆಯ ಗುಮಾಸ್ತನಾದುದರಿಂದ ಸರ್ಕಾರಿ ಮುದ್ರಣವೂ, ೧೭೩೭ರಲ್ಲಿ ಫಿಲಡೆಲ್ಫಿಯಾದ ಅಂಚೆಯ ಮುಖ್ಯಸ್ಥನಾದುದರಿಂದ ಅವನ ಪತ್ರಿಕೆಯ ಪ್ರಸಾರವೂ ಹೆಚ್ಚಿದುವು. ಹೆಂಡತಿ ಡೆಬೊರಾ ಅಂಗಡಿಯನ್ನು ನೋಡಿಕೊಂಡಳು, ಹೊತ್ತಗೆಗಳನ್ನು ಮಡಿಸಿ ಹೊಲಿದಳು. ಅವನ ಪತ್ರಿಕೆಯಾದ ‘ಪೆನ್ಸಿಲ್ವೇನಿಯಾ ಗೆಜೆಟ್’ ಗುಲಾಮರ ಮಾರಾಟದ ಜಾಹೀರಾತುಗಳಿಂದಲೂ ಹಣ ಪಡೆಯಿತು, ಮನೆಯಲ್ಲಿಯೂ ಗುಲಾಮರಿದ್ದರು. ಮುಪ್ಪಿನಲ್ಲಿ, ೧೭೮೭ರಲ್ಲಿ, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಪೆನ್ಸಿಲ್ವೇನಿಯಾದ ಸಂಘಕ್ಕೆ ಅಧ್ಯಕ್ಷನಾದವನೂ ಅವನೇ.

೧೭೪೮ರಲ್ಲಿ, ೪೨ನೆಯ ವಯಸ್ಸಿನಲ್ಲಿ ಅವನು ವ್ಯಾಪಾರದಿಂದ ನಿವೃತ್ತನಾದನು. ಗೆಳೆಯರ ಸಾಲ, ಕೂಟದ ಬೆಂಬಲ, ಹೆಂಡತಿಯ ದುಡಿಮೆ, ಸರ್ಕಾರದ ಗುತ್ತಿಗೆ ಇವು ಯಾವುವೂ ಅಬ್ರಹಾಮಜ್ಜನ ಭಾಷಣದಲ್ಲಿಲ್ಲ. ಇದು ವಂಚನೆಯಲ್ಲ. ಗಾದೆ ಒಬ್ಬ ವ್ಯಕ್ತಿಯ ನಡತೆಯನ್ನು ಕುರಿತು ಮಾತಾಡಬಲ್ಲ ಪ್ರಕಾರ. ನಗರವೊಂದರ ಸಾಲವ್ಯವಸ್ಥೆಯನ್ನು ವಿವರಿಸುವುದು ಅದರ ಅಳವಿಗೆ ಮೀರಿದ್ದು. ಆದರೆ ಗಾದೆಗಳ ಮೊತ್ತವೇ ಸಂಪತ್ತಿನ ‘ದಾರಿ’ ಎಂದಾದಾಗ, ಹೇಳದೆ ಬಿಟ್ಟದ್ದು ಇಲ್ಲವೇ ಇಲ್ಲ ಎಂಬ ಭ್ರಮೆ ಉಂಟಾಗುತ್ತದೆ.

ಸ್ಕಾಟ್ಲೆಂಡಿನ ಸ್ಯಾಮ್ಯುಯೆಲ್ ಸ್ಮೈಲ್ಸ್ (೧೮೧೨–೧೯೦೪) ೧೮೫೯ರಲ್ಲಿ ಪ್ರಕಟಿಸಿದ ‘ಸೆಲ್ಫ್ ಹೆಲ್ಪ್’ ಕೃತಿಯ ಕತೆಯೂ ಇಂಥದೇ. ಈ ಇಡೀ ಪುಸ್ತಕವರ್ಗಕ್ಕೆ ಹೆಸರು ಬಂದದ್ದು ಅದರಿಂದ. ಕೃತಿಯ ಹುಟ್ಟನ್ನು ಸ್ಮೈಲ್ಸ್ ತನ್ನ ಪೀಠಿಕೆಯಲ್ಲಿ ವಿವರಿಸಿದ್ದಾನೆ: ಇಂಗ್ಲೆಂಡಿನ ಉತ್ತರಭಾಗದ ಪಟ್ಟಣವೊಂದರಲ್ಲಿ ಕೆಲವು ಬಡ ಯುವಕರು ಚಳಿಗಾಲದ ಸಂಜೆ ಒಂದೆಡೆ ಸೇರಿ ತಮಗೆ ತಿಳಿದುದನ್ನು ಒಬ್ಬರಿಗೊಬ್ಬರು ಕಲಿಸಲಾರಂಭಿಸಿದರು, ಆ ಕೂಟ ಬೆಳೆದು ಸುಮಾರು ನೂರು ಮಂದಿಯಾದಾಗ ಸ್ಮೈಲ್ಸ್‌ನನ್ನು ಉಪನ್ಯಾಸಕ್ಕೆ ಕರೆದರು. ಪರಸ್ಪರ ಸಹಾಯದ ಮಡಿಲಲ್ಲಿ ಹುಟ್ಟಿದ ಮಾತುಗಳು ‘ಸ್ವಸಹಾಯ’ ಎಂಬ ಹೆಸರು ಹೊತ್ತು ಹೊರಬಂದವು. ೧೮೬೬ರ ಆವೃತ್ತಿಯ ಮುನ್ನುಡಿಯಲ್ಲಿ ಅವನು, ಶೀರ್ಷಿಕೆಯಿಂದಾಗಿ ತನ್ನ ಕೃತಿಯನ್ನು ಸ್ವಾರ್ಥದ ಸ್ತುತಿಯೆಂದು ಕೆಲವರು ತಪ್ಪು ತಿಳಿದಿರುವುದಕ್ಕೆ ವಿಷಾದಿಸಬೇಕಾಯಿತು.

೪. ಐತಿಹ್ಯ: ಮನೆಯಂಗಳದ ವಜ್ರ

ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ರಸೆಲ್ ಕಾನ್ವೆಲ್ (೧೮೪೩–೧೯೨೫) ‘ಏಕರ್ಸ್ ಆಫ್ ಡೈಮಂಡ್ಸ್’ ಎಂಬ ಒಂದೇ ಉಪನ್ಯಾಸವನ್ನು ೬,೦೦೦ಕ್ಕೂ ಹೆಚ್ಚು ಬಾರಿ ಮಾಡಿದನು. ಅದು ೧೯೧೫ರಲ್ಲಿ ಅವನ ಜೀವನ ವೃತ್ತಾಂತದೊಡನೆ ಪುಸ್ತಕವಾಗಿ ಬಂತು. ಉಪನ್ಯಾಸದ ತಿರುಳಾದ ಕಥೆಯನ್ನು ಅವನು ತನ್ನದೆನ್ನುವುದಿಲ್ಲ; ಟೈಗ್ರಿಸ್ ನದಿಯ ತೀರದ ಪ್ರವಾಸದಲ್ಲಿ ಬಾಗ್ದಾದಿನ ಮಾರ್ಗದರ್ಶಿಯೊಬ್ಬನಿಂದ ಕೇಳಿದ್ದು ಎನ್ನುತ್ತಾನೆ. ಸಿಂಧೂ ನದಿಗೆ ಸಮೀಪದಲ್ಲಿ ಅಲಿ ಹಫೆದ್ ಎಂಬ ಸುಖಿಯಾದ ರೈತನಿದ್ದನು. ಬೌದ್ಧ ಸಂನ್ಯಾಸಿಯೊಬ್ಬನಿಂದ ವಜ್ರಗಳ ಮಹಿಮೆಯನ್ನು ಕೇಳಿ ಅತೃಪ್ತನಾಗಿ, ಹೊಲವನ್ನು ಮಾರಿ ವಜ್ರವನ್ನು ಅರಸುತ್ತ ಪ್ಯಾಲೆಸ್ಟೈನ್, ಯೂರೋಪುಗಳನ್ನೆಲ್ಲ ಅಲೆದು ಕೊನೆಗೆ ಬಾರ್ಸಿಲೋನಾದ ಕಡಲಿಗೆ ಹಾರಿ ಸತ್ತನು. ಇತ್ತ ಆ ಹೊಲವನ್ನು ಕೊಂಡವನು ಒಂಟೆಗೆ ನೀರು ಕುಡಿಸುವಾಗ ತೊರೆಯ ಮರಳಿನಲ್ಲಿ ವಜ್ರವನ್ನು ಕಂಡನು. ಗೋಲ್ಕೊಂಡದ ಗಣಿ ಪತ್ತೆಯಾದದ್ದು ಹೀಗೆ ಎಂದು ಕಥೆ ಮುಗಿಯುತ್ತದೆ.

ದೂರ ಹುಡುಕಿದ ನಿಧಿ ಮನೆಯಲ್ಲಿಯೇ ಇತ್ತೆಂಬ ಆಶಯ ಜಗತ್ತಿನ ಜನಪದ ಕಥೆಗಳಲ್ಲಿ ವ್ಯಾಪಕವಾಗಿದೆ. ಆರ್ನೆ–ಥಾಂಪ್ಸನ್–ಉಥರ್ ವರ್ಗಸೂಚಿಯಲ್ಲಿ ೧೬೪೫ನೆಯ ಸಂಖ್ಯೆಯ ಕಥೆ ಇದಕ್ಕೆ ಸಮೀಪವಾದುದು. ‘ಅರೇಬಿಯನ್ ನೈಟ್ಸ್’ ಸಂಕಲನದಲ್ಲಿ, ರೂಮಿಯ ‘ಮಸ್ನವಿ’ಯಲ್ಲಿ, ಇಂಗ್ಲೆಂಡಿನ ಸ್ವಾಫಮ್ ಊರಿನ ವ್ಯಾಪಾರಿಯ ಐತಿಹ್ಯದಲ್ಲಿ ಇದರ ರೂಪಗಳಿವೆ. ಕನಸನ್ನು ನಂಬಿ ಒಬ್ಬನು ದೂರದ ನಗರಕ್ಕೆ ಹೋಗುತ್ತಾನೆ. ಅಲ್ಲಿ ಅವನಿಗೆ ನಿಧಿ ಸಿಗುವುದಿಲ್ಲ. ಇಂಥ ಊರಿನ ಇಂಥ ಮನೆಯಲ್ಲಿ ನಿಧಿಯಿದೆಯೆಂದು ತಾನೂ ಕನಸು ಕಂಡಿದ್ದಾಗಿ ನಗುವ ಅಪರಿಚಿತನೊಬ್ಬ ಸಿಗುತ್ತಾನೆ. ಆ ಮನೆ ಕೇಳುಗನದೇ. ಅವನು ಹಿಂದಿರುಗಿ ಅಗೆದು ನಿಧಿಯನ್ನು ಪಡೆಯುತ್ತಾನೆ.

ಈ ಎರಡು ಕಥೆಗಳ ನಡುವಿನ ವ್ಯತ್ಯಾಸವನ್ನು ಸೂಕ್ಷ್ಮವಾಗಿ ಗಮನಿಸಬೇಕು. ಜನಪದ ಕಥೆಯಲ್ಲಿ ಹೊರಟವನು ಹೊರಟದ್ದರಿಂದಲೇ ಪಡೆಯುತ್ತಾನೆ. ಮನೆಯ ನಿಧಿಯ ಸುಳಿವು ಪರಸ್ಥಳದ ಅಪರಿಚಿತನ ಬಾಯಲ್ಲಿದೆ. ಅಲ್ಲಿ ಅದೃಷ್ಟಕ್ಕೂ ಸ್ಥಾನವಿದೆ, ಇನ್ನೊಬ್ಬನಿಗೂ ಸ್ಥಾನವಿದೆ. ಕಾನ್ವೆಲ್‌ನ ಕಥೆಯಲ್ಲಿ ಹೊರಟದ್ದೇ ತಪ್ಪು, ಸಾವೇ ಅದಕ್ಕೆ ಶಿಕ್ಷೆ. ಕಥೆಯ ಬಾಗಿಲನ್ನು ಹೀಗೆ ತಿರುಗಿಸಿದ ಮೇಲೆ ಉಪನ್ಯಾಸದ ಮುಂದಿನ ಮಾತು ತಾನಾಗಿ ಬರುತ್ತದೆ: ಬಹುಪಾಲು ಬಡವರ ಬಡತನಕ್ಕೆ ಅವರವರ ಲೋಪವೇ ಕಾರಣ, ನಿಜವಾಗಿ ಕನಿಕರಕ್ಕೆ ಅರ್ಹರಾದ ಬಡವರು ಬಹಳ ಕಡಿಮೆ. ಐತಿಹ್ಯವು ಇಲ್ಲಿ ತೀರ್ಪಾಗಿ ಮಾರ್ಪಟ್ಟಿದೆ.

ಗೋಲ್ಕೊಂಡದ ಹೆಸರಿನಿಂದ ಪ್ರಸಿದ್ಧವಾದ ವಜ್ರಗಳು ದೊರೆಯುತ್ತಿದ್ದುದು ಸಿಂಧೂ ತೀರದಲ್ಲಿ ಅಲ್ಲ, ಕೃಷ್ಣಾ ಕೊಳ್ಳದಲ್ಲಿ. ಗೋಲ್ಕೊಂಡ ಅವುಗಳ ವ್ಯಾಪಾರಸ್ಥಳ. ೧೭ನೆಯ ಶತಮಾನದ ಮಧ್ಯಭಾಗದಲ್ಲಿ ಈ ಗಣಿಗಳನ್ನು ಕಂಡ ಫ್ರೆಂಚ್ ರತ್ನವ್ಯಾಪಾರಿ ತವೆರ್ನಿಯೆಯ ಪ್ರವಾಸಕಥನ ೧೬೭೬ರಲ್ಲಿ ಪ್ರಕಟವಾಯಿತು. ಕೊಲ್ಲೂರಿನ ಗಣಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ ಹತ್ತಿರ ಹತ್ತಿರ ೬೦,೦೦೦ ಜನ ದುಡಿಯುತ್ತಿದ್ದರೆಂದು ಅವನು ಬರೆದಿದ್ದಾನೆ. ಅವನು ಮೊದಲು ನೋಡಿದ ‘ರಾವಲಕೊಂಡ’ ಎಂಬ ಗಣಿ ಬಿಜಾಪುರದ ಅರಸನ ಸೀಮೆಗೆ, ಕರ್ನಾಟಕವೆಂದು ಅವನು ಕರೆದ ಪ್ರಾಂತಕ್ಕೆ ಸೇರಿತ್ತು. ಕೆಲಸದಲ್ಲಿ ಪಳಗಿದ ಆಳುಗಳಿಗೂ ಅಲ್ಲಿ ವರ್ಷಕ್ಕೆ ಸಿಗುತ್ತಿದ್ದ ಕೂಲಿ ಮೂರು ವರಹ. ಈ ಆಳುಗಳಿಗೆ ವಜ್ರ ಎಲ್ಲಿದೆ ಎಂಬುದು ಗೊತ್ತಿತ್ತು. ಅದು ಅವರ ಕಾಲ ಕೆಳಗೇ ಇತ್ತು. ಅವರು ಬಡವರಾಗಿ ಉಳಿದದ್ದು ಅಂಗಳವನ್ನು ಅಗೆಯದೆ ಇದ್ದುದರಿಂದಲ್ಲ, ಅಂಗಳ ಅವರದಲ್ಲದ್ದರಿಂದ. ಕಾನ್ವೆಲ್‌ನ ಕಥೆಯಲ್ಲಿ ಒಂಟೆಗೆ ಜಾಗವಿದೆ, ಈ ಜನಕ್ಕೆ ಇಲ್ಲ.

ಇಷ್ಟಾಗಿಯೂ ಕಾನ್ವೆಲ್‌ನ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಈ ಉಪನ್ಯಾಸಗಳ ಸಂಪಾದನೆಯನ್ನು ಅವನು ಬಡ ವಿದ್ಯಾರ್ಥಿಗಳ ವ್ಯಾಸಂಗಕ್ಕೆ ವಿನಿಯೋಗಿಸಿದನು. ಹಗಲು ದುಡಿಯುವವರಿಗಾಗಿ ೧೮೮೪ರಲ್ಲಿ ಅವನು ಆರಂಭಿಸಿದ ಸಂಜೆಯ ಪಾಠ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಬೋಧೆಯಲ್ಲಿ ವ್ಯಕ್ತಿಯನ್ನು ಒಂಟಿಯಾಗಿ ನಿಲ್ಲಿಸಿದವನು ಆಚರಣೆಯಲ್ಲಿ ಸಂಸ್ಥೆಯನ್ನು ಕಟ್ಟಿದನು.

೫. ದೃಷ್ಟಾಂತ: ಬ್ಯಾಬಿಲೋನಿನ ಮಣ್ಣಿನ ಫಲಕಗಳು

ಅಮೆರಿಕದಲ್ಲಿ ಭೂಪಟಗಳ ಪ್ರಕಾಶಕನಾಗಿದ್ದ ಜಾರ್ಜ್ ಕ್ಲೇಸನ್ (೧೮೭೪–೧೯೫೭) ೧೯೨೬ರಿಂದ ಮಿತವ್ಯಯವನ್ನು ಕುರಿತ ಕಿರುಹೊತ್ತಗೆಗಳನ್ನು ಬರೆದನು. ಬ್ಯಾಂಕುಗಳು ಮತ್ತು ವಿಮಾ ಕಂಪನಿಗಳು ಇವುಗಳನ್ನು ದೊಡ್ಡ ಪ್ರಮಾಣದಲ್ಲಿ ಹಂಚಿದುವು. ಇವುಗಳಲ್ಲಿ ಪ್ರಸಿದ್ಧವಾದುದು ‘ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲೋನ್’. ಪ್ರಾಚೀನ ಬ್ಯಾಬಿಲೋನಿನ ರಥ ಮಾಡುವ ಬನ್ಸೀರ, ವಾದ್ಯಗಾರ ಕೊಬ್ಬಿ, ಲಿಪಿಕಾರನಾಗಿದ್ದು ಸಿರಿವಂತನಾದ ಅರ್ಕದ ಇವರ ಕಥೆಗಳ ಮೂಲಕ ಗಳಿಕೆಯ ಹತ್ತನೆಯ ಒಂದು ಪಾಲನ್ನು ಮೊದಲೇ ಎತ್ತಿಡಬೇಕೆಂಬ ಸೂತ್ರವನ್ನು ಇದು ಬೋಧಿಸುತ್ತದೆ. ಸಾಲಗಾರನಾಗಿ ಊರುಬಿಟ್ಟು ಗುಲಾಮನಾಗಿ, ಮರಳಿ ಬಂದ ದಬಸೀರನೆಂಬುವನು ಗಳಿಕೆಯ ಹತ್ತು ಪಾಲಿನಲ್ಲಿ ಏಳನ್ನು ಸಂಸಾರಕ್ಕೆ, ಎರಡನ್ನು ಸಾಲಕ್ಕೆ, ಒಂದನ್ನು ಉಳಿತಾಯಕ್ಕೆ ಹಂಚಿ ಋಣಮುಕ್ತನಾದ ಕಥೆ ಮಣ್ಣಿನ ಫಲಕಗಳ ಮೇಲಿನ ಬರಹದ ರೂಪದಲ್ಲಿದೆ.

ಈ ಕಥೆಗಳ ಸೂತ್ರ ವಿವೇಕದ್ದು. ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎನ್ನುವ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಾಚೀನತೆಯ ವೇಷ ಸೂತ್ರಕ್ಕೆ ಗೌರವವನ್ನು ತರುತ್ತದೆ. ಒಂದಾನೊಂದು ಕಾಲದ, ಒಂದಾನೊಂದು ಊರಿನ ಮಾತು ಎಲ್ಲ ಕಾಲಕ್ಕೂ ಸಲ್ಲುವಂತೆ ಕೇಳಿಸುತ್ತದೆ. ಆದರೆ ನಿಜವಾದ ಬ್ಯಾಬಿಲೋನಿನ ಬರಹಗಳು ಹೇಳುವುದು ಇದಕ್ಕಿಂತ ಹೆಚ್ಚಿನದನ್ನು. ಕ್ರಿಸ್ತಪೂರ್ವ ೧೮ನೆಯ ಶತಮಾನದ ಹಮ್ಮುರಾಬಿಯ ಶಾಸನದ ೪೮ನೆಯ ನಿಯಮದಂತೆ, ಬಿರುಗಾಳಿಯಿಂದಲೋ ನೀರಿಲ್ಲದೆಯೋ ಬೆಳೆ ಹೋದ ವರ್ಷ ಸಾಲಗಾರ ರೈತನು ಧಾನ್ಯವನ್ನು ಕೊಡಬೇಕಾಗಿಲ್ಲ, ಆ ವರ್ಷದ ಬಡ್ಡಿಯೂ ಇಲ್ಲ. ೧೧೭ನೆಯ ನಿಯಮದಂತೆ, ಸಾಲಕ್ಕಾಗಿ ದುಡಿಯಲು ಕಳುಹಿಸಿದ ಹೆಂಡತಿ ಮಕ್ಕಳನ್ನು ನಾಲ್ಕನೆಯ ವರ್ಷದಲ್ಲಿ ಬಿಟ್ಟುಬಿಡಬೇಕು. ಅದೇ ವಂಶದ ಅರಸ ಅಮ್ಮಿಸದುಕನ ಆಜ್ಞೆ ಜನರ ಮೇಲಿದ್ದ ಬಾಕಿಗಳನ್ನೂ ಸಾಲಗಳನ್ನೂ ರದ್ದುಪಡಿಸಿತು. ವ್ಯಾಪಾರಕ್ಕಾಗಿ ಕೊಟ್ಟ ಸಾಲಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ಹೊಟ್ಟೆಪಾಡಿನ ಸಾಲ ಬೇರೆ, ಬಂಡವಾಳದ ಸಾಲ ಬೇರೆ ಎಂಬ ವಿವೇಚನೆ ಸುಮಾರು ೩,೬೦೦ ವರ್ಷಗಳ ಹಿಂದೆಯೇ ಜೇಡಿಮಣ್ಣಿನ ಮೇಲೆ ದಾಖಲಾಗಿತ್ತು. ಬೆಳೆ ಕೆಟ್ಟರೆ ಅದು ರೈತನ ನಡತೆಯ ದೋಷವಲ್ಲ ಎಂಬುದನ್ನು ಅರಸರು ಅರಿತಿದ್ದರು. ಕ್ಲೇಸನ್‌ನ ಬ್ಯಾಬಿಲೋನಿನಲ್ಲಿ ದಬಸೀರನ ಋಣ ತೀರುವುದು ಅವನ ಛಲವೊಂದರಿಂದಲೇ.

ದೃಷ್ಟಾಂತದ ಮಿತಿ ಬೇಗನೆ ಬಯಲಾಯಿತು. ೧೯೨೯ರ ಷೇರುಪೇಟೆಯ ಕುಸಿತದ ಬಳಿಕ, ೧೯೩೦ರಿಂದ ೧೯೩೩ರ ನಡುವೆ ಅಮೆರಿಕದಲ್ಲಿ ಸುಮಾರು ೯,೦೦೦ ಬ್ಯಾಂಕುಗಳು ಮುಳುಗಿದವು. ಹತ್ತರಲ್ಲಿ ಒಂದು ಪಾಲನ್ನು ತಪ್ಪದೆ ಎತ್ತಿಟ್ಟವರೂ ಠೇವಣಿಯನ್ನು ಕಳೆದುಕೊಂಡರು. ಅವರು ಸೂತ್ರವನ್ನು ಮೀರಿದವರಲ್ಲ, ಪಾಲಿಸಿದವರು. ಉಳಿತಾಯಕ್ಕೆ ಭದ್ರತೆ ಬಂದದ್ದು ೧೯೩೩ರ ಕಾನೂನಿನಿಂದ, ೧೯೩೪ರ ಜನವರಿಯಲ್ಲಿ ಜಾರಿಗೆ ಬಂದ ಠೇವಣಿ ವಿಮೆಯಿಂದ; ಅಂದರೆ ಸಮಷ್ಟಿಯ ಏರ್ಪಾಟಿನಿಂದ.

೬. ಉತ್ತರವಿಲ್ಲದ ಒಗಟು

ಅದೇ ಆರ್ಥಿಕ ಮುಗ್ಗಟ್ಟಿನಿಂದ ದೇಶ ಪೂರ್ಣವಾಗಿ ಚೇತರಿಸಿಕೊಳ್ಳುವ ಮುನ್ನ, ೧೯೩೭ರಲ್ಲಿ, ನೆಪೋಲಿಯನ್ ಹಿಲ್ (೧೮೮೩–೧೯೭೦) ‘ಥಿಂಕ್ ಅಂಡ್ ಗ್ರೋ ರಿಚ್’ ಕೃತಿಯನ್ನು ಪ್ರಕಟಿಸಿದನು. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ೧೯೦೮ರಲ್ಲಿ ತನಗೆ ಸಂಪತ್ತಿನ ರಹಸ್ಯವನ್ನು ತಿಳಿಸಿ, ಅದನ್ನು ಲೋಕಕ್ಕೆ ಸಾರುವ ಕೆಲಸವನ್ನು ಒಪ್ಪಿಸಿದನೆಂದೂ ೫೦೦ಕ್ಕೂ ಹೆಚ್ಚು ಸಿರಿವಂತರನ್ನು ಅಭ್ಯಸಿಸಿದೆನೆಂದೂ ಅವನು ಹೇಳಿಕೊಂಡಿದ್ದಾನೆ. ಕಾರ್ನೆಗಿಯ ಭೇಟಿಗೆ ಹಿಲ್‌ನ ಮಾತನ್ನು ಬಿಟ್ಟು ಸ್ವತಂತ್ರವಾದ ದಾಖಲೆ ದೊರೆತಿಲ್ಲ. ಗುರುವಿನಿಂದ ರಹಸ್ಯವನ್ನು ಪಡೆದ ಶಿಷ್ಯನ ಕಥೆ ಜಾನಪದಕ್ಕೆ ಹೊಸದಲ್ಲ. ಅದರ ಅಧಿಕಾರ ಇರುವುದು ದಾಖಲೆಯಲ್ಲಲ್ಲ, ಪರಂಪರೆಯ ನಂಬಿಕೆಯಲ್ಲಿ.

ಈ ಕೃತಿಯ ರಚನೆಯಲ್ಲಿ ಒಗಟಿನ ಲಕ್ಷಣವಿದೆ. ರಹಸ್ಯವನ್ನು ನೂರಕ್ಕೂ ಹೆಚ್ಚು ಕಡೆ ಸೂಚಿಸಿದ್ದರೂ ನೇರವಾಗಿ ಹೆಸರಿಸಿಲ್ಲವೆಂದೂ ಸಿದ್ಧನಾದ ಓದುಗನಿಗೆ ಅದು ತಾನಾಗಿ ಹೊಳೆಯುವುದೆಂದೂ ಲೇಖಕನು ಹೇಳುತ್ತಾನೆ. ಜನಪದ ಒಗಟಿಗೆ ಉತ್ತರವಿದೆ. ಕೇಳಿದವನು ಸೋತರೆ ಒಡ್ಡಿದವನು ಉತ್ತರವನ್ನು ಬಿಡಿಸಬೇಕು, ಕೂಡಿದವರು ಅದನ್ನು ಒಪ್ಪಬೇಕು. ಇಲ್ಲಿ ಬಿಡಿಸುವ ಹೊಣೆ ಒಡ್ಡಿದವನಿಗಿಲ್ಲ. ಫಲ ಸಿಗದಿದ್ದರೆ ಓದುಗನಲ್ಲಿಯೇ ಸಿದ್ಧತೆ ಸಾಲದು. ಹೀಗಾಗಿ ಈ ಬೋಧೆಯನ್ನು ಯಾವ ಅನುಭವವೂ ಸುಳ್ಳೆಂದು ತೋರಿಸಲಾರದು.

ಕೃತಿಯ ಪ್ರಸಿದ್ಧ ಕಥೆಯೊಂದರಲ್ಲಿ ಡಾರ್ಬಿ ಎಂಬುವನೂ ಅವನ ಚಿಕ್ಕಪ್ಪನೂ ಕೊಲರಾಡೊದ ಚಿನ್ನದ ಗಣಿಯಲ್ಲಿ ಅದಿರಿನ ಎಳೆ ಕಾಣದಾದಾಗ ಬೇಸತ್ತು ಯಂತ್ರಗಳನ್ನು ಗುಜರಿಯವನಿಗೆ ಮಾರುತ್ತಾರೆ. ಅವನು ಗಣಿತಜ್ಞನೊಬ್ಬನನ್ನಲ್ಲ, ಗಣಿಯ ಇಂಜಿನಿಯರನೊಬ್ಬನನ್ನು ಕರೆಸಿ ವಿಚಾರಿಸಿದಾಗ, ಅವರು ನಿಲ್ಲಿಸಿದ ಎಡೆಯಿಂದ ಕೇವಲ ಮೂರು ಅಡಿ ಆಚೆ ಚಿನ್ನವಿತ್ತು. ಛಲ ಬಿಡಬಾರದೆಂಬುದು ಹಿಲ್ ತೆಗೆಯುವ ನೀತಿ. ಆದರೆ ಕಥೆಯಲ್ಲಿರುವ ಇನ್ನೊಂದು ನೀತಿ, ಬಲ್ಲವನನ್ನು ಕೇಳಬೇಕೆಂಬುದು. ಅಲ್ಲದೆ ಮೂರು ಅಡಿ, ಮೂವತ್ತು ಅಡಿ ಅಗೆದರೂ ಏನೂ ಸಿಗದೆ ಇದ್ದುದನ್ನೂ ಕಳೆದುಕೊಂ‌ಡವರ ಕಥೆಯನ್ನು ಯಾರೂ ಪುಸ್ತಕ ಮಾಡುವುದಿಲ್ಲ. ಗೆದ್ದವರ ಸ್ವಾನುಭವ ಕಥನಗಳನ್ನೇ ಸಂಗ್ರಹಿಸಿದರೆ ಗೆಲುವಿನ ಕಾರಣ ತಿಳಿಯದು. ಸೋತವರಲ್ಲಿಯೂ ಅದೇ ಛಲವಿತ್ತೇ ಎಂದು ಕೇಳಬೇಕಾಗುತ್ತದೆ. ಕ್ಷೇತ್ರಕಾರ್ಯದಲ್ಲಿ ಒಂದೇ ಬಗೆಯ ವಕ್ತೃಗಳಿಂದ ಸಾಮಗ್ರಿಯನ್ನು ಕಲೆಹಾಕಿದರೆ ಉಂಟಾಗುವ ದೋಷ ಇದೇ.

೭. ಆಕರ್ಷಣೆಯ ಕಾರಣಗಳು

ಇಷ್ಟು ದೋಷಗಳಿದ್ದೂ ಈ ಕೃತಿಗಳು ಏಕೆ ಬಾಳುತ್ತಿವೆ? ಓದುಗರ ಮೌಢ್ಯವೇ ಕಾರಣವೆಂದರೆ ಅದು ಸುಲಭದ ಉತ್ತರವಾದೀತು. ಮೊದಲನೆಯದಾಗಿ, ಇವುಗಳಲ್ಲಿ ಉಪಯುಕ್ತವಾದ ಮಾತುಗಳಿವೆ. ಗಳಿಕೆಗಿಂತ ಕಡಿಮೆ ಖರ್ಚುಮಾಡು, ಬೆಡಗಿಗಾಗಿ ಸಾಲ ಮಾಡಬೇಡ, ಕಸುಬನ್ನು ಚೆನ್ನಾಗಿ ಕಲಿ ಎಂಬುವು ಯಾವ ಕಾಲದಲ್ಲಿಯೂ ಸುಳ್ಳಲ್ಲ. ಎರಡನೆಯದಾಗಿ, ಇವುಗಳ ರೂಪ ನೆನಪಿನಲ್ಲಿ ನಿಲ್ಲುವಂಥದು. ಬಡ್ಡಿಯ ಲೆಕ್ಕ ಮರೆಯುತ್ತದೆ, ಅರ್ಕದನ ಕಥೆ ಮರೆಯುವುದಿಲ್ಲ. ಮೂರನೆಯದಾಗಿ, ಹುಟ್ಟಿನಿಂದಲೇ ಸ್ಥಾನಮಾನಗಳು ನಿರ್ಧಾರವಾಗುತ್ತಿದ್ದ ಲೋಕದಲ್ಲಿ, ಮೇಣದಬತ್ತಿ ಮಾಡುವವನ ಮಗನಾದ ಫ್ರಾಂಕ್ಲಿನ್ ಕೈಕಸುಬಿನವನಿಗೂ ಸಿರಿ ಮತ್ತು ಗೌರವಗಳು ಸಲ್ಲುತ್ತವೆ ಎಂದದ್ದು ಸಣ್ಣ ಮಾತಲ್ಲ. ಯಾವ ಬಲವೂ ಇಲ್ಲದವನಿಗೆ ತನ್ನ ನಡತೆಯೊಂದಾದರೂ ತನ್ನ ಕೈಯಲ್ಲಿದೆ ಎಂಬ ಭರವಸೆ ದೊಡ್ಡದು. ಕಷ್ಟಕಾಲದಲ್ಲಿಯೇ ಇಂಥ ಕೃತಿಗಳಿಗೆ ಬೇಡಿಕೆ ಬರುವುದು ಇದರಿಂದಾಗಿಯೇ ಇರಬೇಕು.

ಭರವಸೆ ಆರೋಪವಾಗಿ ತಿರುಗುವ ಗೆರೆ ತೀರ ತೆಳುವಾದುದು. ‘ನಿನ್ನ ಕೈಯಲ್ಲಿ ಸ್ವಲ್ಪವಿದೆ’ ಎಂಬ ಮಾತು ‘ಎಲ್ಲವೂ ನಿನ್ನ ಕೈಯಲ್ಲಿದೆ’ ಎಂದಾದ ಕ್ಷಣ, ಸೋತವನು ಸೋಲಿನ ಜೊತೆಗೆ ಅಪರಾಧವನ್ನೂ ಹೊರಬೇಕಾಗುತ್ತದೆ. ‘ಹಣೆಬರಹಕ್ಕೆ ಹೊಣೆ ಯಾರು’ ಎಂಬ ಜನಪದರ ಮಾತನ್ನು ವಿಚಾರವಂತರು ದೈವಾಧೀನತೆಯೆಂದು ಟೀಕಿಸುವುದುಂಟು. ಆದರೆ ನೊಂದವನ ತಲೆಯ ಮೇಲಿನ ಅಪರಾಧದ ಹೊರೆಯನ್ನು ಇಳಿಸುವುದೂ ಆ ಗಾದೆಯ ಕೆಲಸಗಳಲ್ಲೊಂದು. ಸಂಪತ್ತಿನ ಬೋಧೆಯ ಪುಸ್ತಕಗಳಲ್ಲಿ ಈ ಕೆಲಸವನ್ನು ಮಾಡುವ ಮಾತು ಇಲ್ಲ.

೮. ಉಯಿಲಿನ ಉತ್ತರ

ಫ್ರಾಂಕ್ಲಿನ್‌ನ ಅನುಬಂಧಕ್ಕೆ ಒಂದು ಹಾಸ್ಯಬರಹದ ಪ್ರೇರಣೆಯಿತ್ತು. ೧೭೮೫ರಲ್ಲಿ ಫ್ರಾನ್ಸಿನ ಮಾತೊನ್ ದ ಲಾ ಕೂರ್ ಎಂಬುವನು ಬಡ ರಿಚರ್ಡನನ್ನು ಅಣಕಿಸಿ, ಚಕ್ರಬಡ್ಡಿಗೆ ಹಣವಿಟ್ಟು ನೂರಾರು ವರ್ಷಗಳ ಯೋಜನೆ ಹಾಕುವ ‘ಭಾಗ್ಯವಂತ ರಿಚರ್ಡ’ನ ಉಯಿಲನ್ನು ಬರೆದಿದ್ದನು. ಫ್ರಾಂಕ್ಲಿನ್ ಮುನಿಯಲಿಲ್ಲ, ಅದನ್ನೇ ನಿಜ ಮಾಡಿದನು. ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ ೧,೦೦೦ ಪೌಂಡುಗಳನ್ನು ಬಿಟ್ಟು, ಆಯಾ ಊರಿನಲ್ಲಿ ಕಸುಬು ಕಲಿತ, ೨೫ ವರ್ಷದೊಳಗಿನ, ಮದುವೆಯಾದ ಯುವ ಕುಶಲಕರ್ಮಿಗಳಿಗೆ ೧೫ರಿಂದ ೬೦ ಪೌಂಡಿನವರೆಗೆ ಶೇಕಡ ೫ರ ಬಡ್ಡಿಗೆ ಸಾಲ ಕೊಡಬೇಕೆಂದು ವಿಧಿಸಿದನು. ಇಬ್ಬರು ಸಂಭಾವಿತರ ಜಾಮೀನು ಬೇಕು. ಅಸಲನ್ನು ವರ್ಷಕ್ಕೆ ಹತ್ತನೆಯ ಒಂದು ಪಾಲಿನಂತೆ ತೀರಿಸಬೇಕು. ಬೆಳೆದ ನಿಧಿಯ ವಿನಿಯೋಗ ೧೦೦ ಮತ್ತು ೨೦೦ ವರ್ಷಗಳ ಬಳಿಕ.

ಯೋಜನೆ ಅವನೆಣಿಸಿದಂತೆಯೇ ನಡೆಯಲಿಲ್ಲ. ಕಾರ್ಖಾನೆಗಳು ಬಂದು ಒಡೆಯನ ಬಳಿ ಕಸುಬು ಕಲಿಯುವ ಪದ್ಧತಿ ಕ್ಷೀಣಿಸಿದಂತೆ ಅರ್ಹ ಸಾಲಗಾರರೂ ಕಡಿಮೆಯಾದರು. ಆದರೂ ೧೯೯೦ರಲ್ಲಿ, ೨೦೦ ವರ್ಷ ತುಂಬಿದಾಗ, ಬಾಸ್ಟನ್ನಿನ ನಿಧಿ ಸುಮಾರು ೫೦ ಲಕ್ಷ ಡಾಲರುಗಳಷ್ಟೂ ಫಿಲಡೆಲ್ಫಿಯಾದ್ದು ೨೦ ಲಕ್ಷಕ್ಕೂ ಮಿಗಿಲಾಗಿಯೂ ಬೆಳೆದಿತ್ತು. ಮೊದಲ ನೂರು ವರ್ಷಗಳ ಹಣದಿಂದ ಬಾಸ್ಟನ್ನಿನಲ್ಲಿ ದುಡಿಯುವವರಿಗಾಗಿ ‘ಫ್ರಾಂಕ್ಲಿನ್ ಯೂನಿಯನ್’ ಎಂಬ ತಾಂತ್ರಿಕ ಶಾಲೆ ೧೯೦೮ರಲ್ಲಿ ಆರಂಭವಾಯಿತು. ಅದಕ್ಕೆ ನಿಧಿಗೆ ಸಮನಾದ ಹಣವನ್ನು ಕೊಟ್ಟವನು ಆಂಡ್ರೂ ಕಾರ್ನೆಗಿ. ಹಿಲ್‌ಗೆ ಕಾರ್ನೆಗಿ ಪಿಸುಗುಟ್ಟಿದನೆನ್ನುವ ರಹಸ್ಯಕ್ಕೆ ಸಾಕ್ಷಿಯಿಲ್ಲ. ಈ ದಾನಕ್ಕೆ ದಾಖಲೆಯಿದೆ. ಹಿಲ್ ಹೇಳುವ ಭೇಟಿಯ ವರ್ಷವೂ ಈ ಶಾಲೆ ತೆರೆದ ವರ್ಷವೂ ಒಂದೇ ಎಂಬುದು ಕುತೂಹಲಕರ.

ಈ ಹಿನ್ನೆಲೆಯಲ್ಲಿ ಲೇಖನದ ಆರಂಭದ ವಿರೋಧ ಪರಿಹಾರವಾಗುತ್ತದೆ. ಅಬ್ರಹಾಮಜ್ಜನ ಗಾದೆಯೂ ಉಯಿಲಿನ ಮಾತೂ ಎರಡೂ ನಿಜ. ಅವು ಬೇರೆ ಬೇರೆ ಸಂದರ್ಭಗಳ ಗಾದೆಗಳು. ಅಂಗಿಗಾಗಿ ಉದ್ದರಿ ಬೇಡವೆಂಬುದು ಒಂದು. ಉಪಕರಣಕ್ಕಾಗಿ ನೆರೆಯವನ ಸಾಲ ಬೇಕೆಂಬುದು ಇನ್ನೊಂದು. ಜನಪದರ ಭಂಡಾರದಲ್ಲಿ ಇವು ಅಕ್ಕಪಕ್ಕದಲ್ಲಿ ಇರುತ್ತಿದ್ದವು. ಪುಸ್ತಕವು ಒಂದನ್ನು ಎತ್ತಿಕೊಂಡು ಲೋಕವನ್ನೆಲ್ಲ ಸುತ್ತಿತು. ಇನ್ನೊಂದು ಉಯಿಲಿನ ಕಡತದಲ್ಲಿ ಉಳಿಯಿತು. ಸಂಪತ್ತಿನ ಬೋಧೆಯ ಪುಸ್ತಕಗಳನ್ನು ಸಂಗ್ರಹಿಸುವ, ಅಭ್ಯಸಿಸುವ ಮುಂದಿನ ಸಂಶೋಧಕರು ಇವೆರಡನ್ನೂ ಒಟ್ಟಿಗೆ ಇಟ್ಟು ಓದಬೇಕಾಗಿದೆ.